ಬೇತ್ಲೆಹೇಮಿನ ಒಲೆ

ನಮ್ಮೂರ ಇಗರ್ಜಿಯ ಹಿಂದೆ
ತಗ್ಗು ಬಾಗಿಲಿನ ಒಂದು ಕೋಣೆ.
ಒಲೆ, ಹಿಟ್ಟಿನ ಹರಿವಾಣ, ಶಿಲುಬೆ ಕೊರೆದ ಮರದ ಅಚ್ಚು,
ಅಷ್ಟೇ ಅದರ ಆಸ್ತಿ.
ಹೆಸರು ಮಾತ್ರ ದೊಡ್ಡದು: ಬೇತ್ಲೆಹೇಮ್.
ರಾತ್ರಿ ಎರಡಕ್ಕೆ ತಲೆ ಬಗ್ಗಿಸಿ ಒಳಹೊಗುವವನು ನಾನು,
ಬಖೂಮ್, ಗಿರ್ಗಿಸನ ಮಗ,
ಮಲ್ಲಾವಿಯ ಆಚೆ, ನೈಲ್ ದಂಡೆಯವನು.
ಇಪ್ಪತ್ತೆರಡು ವರ್ಷದಿಂದ ನಿನ್ನ ರೊಟ್ಟಿ ಸುಡುತ್ತಿದ್ದೇನೆ.

ಈ ರೊಟ್ಟಿಗೆ ಉಪ್ಪು ಹಾಕುವಂತಿಲ್ಲ.
ಉಪ್ಪೆಲ್ಲ ನನ್ನ ಬಾಯಲ್ಲಿತ್ತು.

ನಾದುವಾಗ ಕೀರ್ತನೆ ಹೇಳಬೇಕು; ಹೇಳಿದೆ.
ಹೇಳುತ್ತ ಹೇಳುತ್ತ
ನನ್ನ ದನಿಗೆ ನಾನೇ ಮರುಳಾದೆ.
ಕಣ್ಣೀರು ಬಂದರೆ ಒರೆಸುತ್ತಿರಲಿಲ್ಲ,
ಗಲ್ಲದ ತನಕ ಇಳಿಯಲು ಬಿಟ್ಟು
ಅಬ್ಬಾ, ಎಷ್ಟು ಭಕ್ತಿ ನನಗೆ ಎಂದು
ಬೆಲ್ಲದ ತುಂಡಿನಂತೆ ಚೀಪುತ್ತಿದ್ದೆ.
ಐವತ್ತೈದು ದಿನದ ದೊಡ್ಡ ಉಪವಾಸದಲ್ಲಿ
ಬೆಣ್ಣೆ ಬಿಟ್ಟೆ, ಮೊಟ್ಟೆ ಬಿಟ್ಟೆ, ಮೀನೂ ಬಿಟ್ಟೆ;
ಬಿಟ್ಟೆನೆಂಬುದನ್ನು
ಮೂರು ಹೊತ್ತೂ ತಿಂದೆ.

ನೀನು ಕಲಿಸಿದ ಪ್ರಾರ್ಥನೆಯಲ್ಲಿ
ನಿನ್ನ ಚಿತ್ತದ ಮಾತು ಬಂದಾಗ ನನ್ನ ನಾಲಿಗೆ
ಕಾದ ಮರಳ ಮೇಲೆ ಬರಿಗಾಲಿಟ್ಟಂತೆ
ಬೇಗ ಬೇಗ ದಾಟುತ್ತಿತ್ತು.
'ಕೊಡು' ಎಂಬಲ್ಲಿ
ಚಾಪೆ ಹಾಸಿ ಕೂರುತ್ತಿತ್ತು.

ಕೊಡು, ವಹೀಬನ ಬೇಲಿಯೊಳಗಿರುವ ಹನ್ನೊಂದು ಖರ್ಜೂರದ ಮರ,
ಅಪ್ಪ ನನಗೆಂದೇ ನೆಟ್ಟದ್ದು, ನಿನಗೆ ಗೊತ್ತು.
ಕೊಡು, ಕೋರ್ಟಿನ ಮೆಟ್ಟಿಲ ಮೇಲೆ
ಒಡಹುಟ್ಟಿದವನು ತಲೆ ತಗ್ಗಿಸುವ ಒಂದು ದಿನ.
ಅದನ್ನು ನೋಡಲು ನನಗೊಂದು ನೆರಳಿನ ಜಾಗ.

ಹೋದ ಭಾನುವಾರಕ್ಕೆ ಏಳು ರೊಟ್ಟಿ.
ಒಂದನ್ನು ಮೊಕದ್ದಮೆಯ ಹೆಸರಲ್ಲೇ ತಟ್ಟಿದೆ,
ಚಂದ್ರನಷ್ಟು ದುಂಡಗೆ.
ಇದನ್ನೇ ಪಾದ್ರಿ ಆರಿಸಿ ಪೀಠದ ಮೇಲೆ ಎತ್ತಿದರೆ
ನೀನು ನನ್ನ ಸಾಕ್ಷಿ, ಬೇರೆ ದಾರಿಯಿಲ್ಲ ನಿನಗೆ.
ಲೆಕ್ಕ ಪಕ್ಕಾ ಇತ್ತು.

ಕೊನೆಯ ಉಂಡೆ ಉಳಿದಿತ್ತು. ಕೆಂಡ ಸರಿಸಲು ಹೋಗಿ
ಬಲ ಅಂಗೈ ಸುಟ್ಟಿತು.
ಕೀರ್ತನೆ ಮರೆತೇಹೋಯಿತು.
ಭಕ್ತಿಯದಲ್ಲ, ಬರೀ ಉರಿಯ ನೀರು ಕಣ್ಣಲ್ಲಿ.
ಎಡಗೈಯಿಂದ ಹೇಗೋ ಸೊಟ್ಟಗೆ ತಟ್ಟಿದೆ,
ಅಪ್ಪಾ ಅಂದೆ, ಅಪ್ಪಾ ಅಂದೆ,
ಕೊಡು ಎನ್ನುವುದಕ್ಕೂ ಉಸಿರಿರಲಿಲ್ಲ.

ಬೆಳಿಗ್ಗೆ ಬುಟ್ಟಿಯ ಮುಂದೆ ಅಬೂನಾ ಸರಬಾಮೂನ್.
ಕಣ್ಣಿಗೆ ಪೊರೆ ಬಂದಿದೆ, ಬೆರಳೇ ಅವರಿಗೆ ಕಣ್ಣು.
ಒಂದೊಂದನ್ನೂ ಸವರಿದರು, ಅಂಚು, ಬೆನ್ನು,
ಐದು ತೂತಿನ ಸುತ್ತಲ ಶಿಲುಬೆಗಳು.
ನನ್ನ ಚಂದ್ರನ ಮೇಲೆ ಬೆರಳು ನಿಂತಿತು.
ನನ್ನ ಉಸಿರೂ.
ಆಮೇಲೆ ಮುಂದೆ ಹೋಗಿ
ಎತ್ತಿಕೊಂಡರು, ಆ ಸೊಟ್ಟದ್ದನ್ನ.

ಆರಿಸದ ರೊಟ್ಟಿಗಳಿಗೂ ಕೆಲಸವಿದೆ:
ಪೂಜೆ ಮುಗಿದ ಮೇಲೆ ಮುರಿದು ಹಂಚುವುದು.
ಸುಟ್ಟ ಕೈಗೆ ಬಟ್ಟೆ ಸುತ್ತಿ ಬಾಗಿಲಲ್ಲಿ ನಿಂತೆ.
ನನ್ನ ಮೊಕದ್ದಮೆಯ ಮೊದಲ ತುಂಡಿಗೆ
ಕೈಯೊಡ್ಡಿದವಳು ವಹೀಬನ ಮಗಳು ದಿಮ್ಯಾನಾ,
ಮುಂದಿನ ಹಲ್ಲೆರಡು ಬಿದ್ದ ಹುಡುಗಿ.
ತಿಂದಳು. "ದೊಡ್ಡಪ್ಪಾ, ಇನ್ನೊಂದು" ಅಂದಳು.
ಕೈ ಕೊಟ್ಟಿತು.
ಮನಸ್ಸು ಎರಡು ಹೆಜ್ಜೆ ಹಿಂದೆ
ಕುಂಟುತ್ತ ಬರುತ್ತಿತ್ತು, ಸುಳ್ಳು ಹೇಳಲಾರೆ.

ಗುರುವಾರ ವಾಯಿದೆ. ವಕೀಲನಿಗೆ ಇನ್ನೂ ಏನೂ ಹೇಳಿಲ್ಲ.
ಮರಗಳು ಬೇಕು ಅನ್ನಿಸುತ್ತದೆ ಈಗಲೂ,
ಸಂಜೆ ಗಾಳಿಗೆ ಅವು ಸದ್ದು ಮಾಡಿದಾಗ.
ಆದರೆ ಆ ಸಾಲು ಬಂದಾಗ
ಈಗ ಓಡುವುದಿಲ್ಲ. ನಿಲ್ಲುತ್ತೇನೆ, ಕಾಲು ಸುಟ್ಟರೂ.

ಗಂಟೆ ಎರಡು. ಹಿಟ್ಟು ಉಬ್ಬಿದೆ.
ಅಚ್ಚಿಟ್ಟರೆ ಪಕ್ಕಕ್ಕೆ ಜಾರಲು ನೋಡುತ್ತದೆ,
ನನ್ನ ಹಾಗೆಯೇ.
ಗಟ್ಟಿಯಾಗಿ ಹಿಡಿದುಕೋ, ಸ್ವಾಮಿ.
ಒತ್ತು.