ದುಭಾಷಿ

ಸೋಲಾಪುರದ ಸಿವಿಲ್ ದವಾಖಾನ್ಯಾಗ
ಡಾಕ್ಟರಬಾಯಿ ಮರಾಠಿಯೊಳಗ ಹೇಳಿದಳು,
ಮೆಲ್ಲಕ, ಕಾಟಿನ ಕಾಲು ನೋಡಕೋತ.
ನಾ ಅವ್ವನ ಕಡೆ ಹೊಳ್ಳಿ
ಕನ್ನಡ ಮಾಡಿದೆ.

ಫುಪ್ಪುಸ, ಅಂದಳಾಕಿ.
ನಮ್ಮ ಮನ್ಯಾಗ ಅದಕ್ಕ ಹೆಸರಿಲ್ಲ.
ಸಾಲಿ ಪುಸ್ತಕದಾಗ ಒಂದ ಉದ್ದನ್ನ ಹೆಸರಿತ್ತು,
ಆ ಸಾಲಿನ ಐದನೇತ್ತಕ್ಕ ಬಿಟ್ಟೆ.
ಎದಿ, ಅಂದೆ ನಾ.
ಎದಿ ಅಂದರ ಎಲ್ಲಾ ಬರತದ ಅದರಾಗ,
ಕೆಮ್ಮು, ಸಿಟ್ಟು, ಹಾಲು.

ಬಾಳ ದಿನ ಉಳದಿಲ್ಲ, ಅಂದಳು.
ಇನ್ನ ಸ್ವಲ್ಪ ದಿನ ತಡೀಬೇಕಂತ, ಅಂದೆ.
ದಮ್ಮ ನಿಂತರ ಗಂಟಲದಾಗ ನಳಿ ಇಳಸಬಹುದು,
ಮಷೀನ್ ಹಚ್ಚಬಹುದು,
ತಗಿಯೂದು ಹಚ್ಚಿದಷ್ಟು ಹಗುರಲ್ಲ,
ಈಗೇ ಕೂಡಿ ವಿಚಾರ ಮಾಡ್ರಿ, ಅಂದಳು.
ಹೊಸಾ ಮಷೀನ್ ಬಂದದಂತವ್ವಾ, ಅಂದೆ,
ಬಾಳ ಛಲೋದಂತ.

ಬಾಗಲದಾಗ ರೇವಣ್ಣ, ಖಾಕಿ ಅಂಗಿ, ಬೆರಳಾಗ ಆಟೋದ ಕೀಲಿ,
ಹಚ್ಚರಿ, ಹಚ್ಚರಿ, ಅಂದ,
ಏನೇನ ಅದಾವ ಎಲ್ಲಾ ಹಚ್ಚರಿ.
ಇಡೀ ವಾರ್ಡು ಹೊಳ್ಳಿ ನೋಡಿತು.

ಅವ್ವ ಏನೂ ಅನಲಿಲ್ಲ.
ಚಾದರದ ಅಂಚು ಬೆರಳ ನಡುವ ಸುರುಳಿ ಸುತ್ತಾಕತ್ತಿದ್ದಳು,
ಎಲಿ ಇಲ್ಲ, ತಂಬಾಕ ಇಲ್ಲ,
ತುದಿ ಹೆಬ್ಬೆರಳಿಂದ ಒತ್ತಿ ಮುಚ್ಚೂದು,
ಬಿಚ್ಚೂದು, ಮತ್ತ ಸುತ್ತೂದು.
ನಲವತ್ತೆರಡ ವರ್ಷ.
ಕಾರಖಾನಿಗೆ ಮಾಲು ಒಯ್ದಾಗ ಮುಕಾದಮ
ಕಟ್ಟು ಬಿಚ್ಚಿ ಛಾಟ ತಗೀತಿದ್ದ,
ಉಳದ ಹೆಣಮಕ್ಕಳು ಕೈ ಮುಗೀತಿದ್ದರು, ಇದೊಂದ ಬಿಡ್ರಿ ಅಂತ.
ಸುಗಲಾಬಾಯಿ ತಾನ ಕೈ ಹಾಕಿ
ಒಡದ ಬೀಡಿ ಆರಿಸಿ ಬಾಜೂಕ ಇಡಾಕಿ.

ರಾತ್ರಿ ನರ್ಸಬಾಯಿ ದೀಪ ಆರಿಸಿ ಹೋದ ಮ್ಯಾಲ
ಅವ್ವ ಅಂದಳು,
ಛಂದ ಕನ್ನಡ ಮಾಡಿದಿ, ಮಹಾನಂದಾ.

ನಂಗ ತಿಳೀಲಿಲ್ಲ.

ಆ ಮುಕಾದಮನ ಬೈಗಳಾ
ಯಾವ ಭಾಷಾದಾಗ ತಿಂದೀನಿ ಅಂತ ತಿಳದಿ?

ರೇಶನ್ ಆಫೀಸಿಗೆ, ಪೋಸ್ಟಿಗೆ, ಹೆಡ್‌ಮಾಸ್ತರ ಮುಂದ
ಪರಕರ ಉಟ್ಟ ಹುಡುಗೀನ್ನ ಮುಂದ ದೂಡಿ
ಹಿಂದ ನಿಲ್ಲತಿದ್ದಳು,
ನೀ ಮಾತಾಡು, ನಂಗ ಮರಾಠಿ ಬರಂಗಿಲ್ಲ.
ಬರತಿತ್ತು.

ಆಮ್ಯಾಲ ಒಂದೊಂದ ಉಸರಿಗೆ ಒಂದೊಂದ ಮಾತು:
ನಳಿ ಬ್ಯಾಡ.
ನನ್ನ ಬಾಯಿ ನನ್ನ ಕಡೀನ ಇರಲಿ.
ಬ್ಯಾನಿ ಗುಳಿಗಿ ಮಾತ್ರ ತಪ್ಪಸಬ್ಯಾಡ,
ಬ್ಯಾನಿ ತಿನ್ನೂ ಹೌಸ ಇಲ್ಲ ನಂಗ.
ದಮ್ಮ ಹತ್ತಿದರ ಎಬ್ಬಿಸಿ ಕುಂದರಸು, ಬೆನ್ನಿಗೆ ನೀ ಕೂಡು.
ರೇವಣ್ಣಗ ನಾ ಹೇಳತೀನಿ.
ಅವಗೇನೂ ನೀ ಕನ್ನಡ ಮಾಡಬ್ಯಾಡ.

ಏನ ಹೇಳಿದಳೋ. ಮುಂಜಾನೆ ವರಾಂಡಾದಾಗ
ಅವ ಗ್ವಾಡಿಗೆ ಮಾರಿ ಹಚ್ಚಿ ನಿಂತಿದ್ದ.

ಡಾಕ್ಟರಬಾಯಿ ಮೂರ ಹಾಳಿ ತಂದಳು.
ನಾ ಬಾಯಿ ತಗೀಯೂದ್ರಾಗ ಅವ್ವನ ಅಂದಳು,
ನಕೋ ಬಾಳಾ. ಘರೀ ಜಾತೇ.

ಏಳಾಗ ಹೋಗತೀನಿ ಅನಬಾರದು,
ಬರತೀನಿ ಅನಬೇಕು,
ನಮ್ಮ ಮಾತಿನಾಗೂ ಅಷ್ಟ, ಅವರ ಮಾತಿನಾಗೂ ಅಷ್ಟ.
ಸಣ್ಣವರಿದ್ದಾಗ ಇದಕ್ಕಂತನ ಪೆಟ್ಟು ತಿಂದೀವಿ ಆಕಿ ಕೈಲೆ.
ಡಾಕ್ಟರಬಾಯಿ ನನ್ನ ಕಡೆ ನೋಡಿದಳು,
ತಿದ್ದತೀನೇನೋ ಅಂತ.

ನಾ ಪೆನ್ನ ಇಸಗೊಂಡ
'ನಾತೇವಾಯಿಕ' ಅಂತ ಇದ್ದಲ್ಲಿ ನನ್ನ ಹೆಸರ ಬರದೆ.
ಐದನೇತ್ತಾದರ ಏನಾತು, ಹೆಸರ ಬರಿಯಾಕ ಬರತದ.

ರೇವಣ್ಣ ಎಂದೂ ಇಲ್ಲದ್ದು
ತಗ್ಗು ತಪ್ಪಿಸಿ, ಮೆಲ್ಲಕ ಹೊಡದ.
ಕನ್ನಾ ಚೌಕ ದಾಟಿದಾಗ, ನನ್ನ ಎದಿಗೆ ಬೆನ್ನ ಹಚ್ಚಿ
ಅವ್ವ ಕೇಳಿದಳು,
ಇವತ್ತ ನಳ ಬರೂ ದಿನ ಹೌದಲ್ಲ?
ಕೊಡಾ ತಿಕ್ಕಿಟ್ಟಿ ಏನ?