ಬೀಗದ ಕೈ

ರಸ್ತೆ ಇಲಾಖೆಯ ಊಟದ ಕೋಣೆಯಲ್ಲಿ ಎರಡು ದಿನದ ಸಭೆ.
ಹೊರಗೆ ಕಪ್ಪು ಮರಳು, ಗಾಳಿ; ಮೇ ತಿಂಗಳು ಹೆಸರಿಗೆ ಮಾತ್ರ.
ಒಳಗೆ ಹದಿನಾಲ್ಕು ಜನ, ಎರಡು ಭಾಷೆ,
ನಡುವೆ ನಾನು, ಗಂಟಲಿಗೆ ಸಂಬಳ ಪಡೆಯುವವಳು.

ಐಸ್‌ಲ್ಯಾಂಡಿನವರು ಮೊದಲು ಮಾತಾಡಿದರು.
ತೆರೆಯ ಮೇಲೆ ಬಾಣಗಳು: ಹಳದಿ, ಕಿತ್ತಳೆ, ಕೆಂಪು,
ಯಾರು ಯಾರಿಗೆ ಎಷ್ಟು ನಿಮಿಷದೊಳಗೆ ಫೋನ್ ಮಾಡತಕ್ಕದ್ದು.
ಚಿಲಿಯಿಂದ ಬಂದವರು ಬರೆದುಕೊಂಡರು.
ಆಮೇಲೆ ಅವರದೂ ಬಾಣಗಳೇ,
ಬಣ್ಣ ಮಾತ್ರ ಅದಲುಬದಲು.
ತುಂಬಿದ ತಟ್ಟೆಯ ನೀರು ತುಳುಕದ ಹಾಗೆ
ಈ ಕಡೆಯದ್ದನ್ನು ಆ ಕಡೆಗೆ ದಾಟಿಸುತ್ತಾ ಹೋದೆ.
ಯಾರೂ ಕುಡಿಯಲಿಲ್ಲ.

ಮೂರು ಗಂಟೆಗೆ ಕಾಫಿ.
ಆಗ ಎದ್ದ ಎಲಿಸೆಯೊ ವೆಂಚುಮಾನ್,
ಇಪ್ಪತ್ತಾರು ವರ್ಷ ಗ್ರೇಡರ್ ಓಡಿಸಿದವನು.
ಗೋಡೆಯ ನಕ್ಷೆಯಲ್ಲಿ, ಸೇತುವೆಗೆ ತುಸು ಈಚೆ,
ಸಣ್ಣದೊಂದು ಗೆರೆಯ ಮೇಲೆ ಬೆರಳಿಟ್ಟ.
'ಇದು ಗೇಟಾ?'
ಗೇಟು, ಅಂದೆ.
'ಬೀಗ ಇದೆಯಾ?'
ಕೇಳಿ ಹೇಳಿದೆ: ಇದೆ.
'ರಾತ್ರಿ ಎರಡು ಗಂಟೆಗೆ ಬೀಗದ ಕೈ ಯಾರ ಹತ್ತಿರ ಇರುತ್ತೆ?'

ದಾಟಿಸಿದೆ.
ಆ ದಡದಿಂದ ತಿರುಗಿ ಏನೂ ಬರಲಿಲ್ಲ.
ಒಬ್ಬಳು ಕಡತ ತೆರೆದಳು, ನೂರ ಹನ್ನೆರಡು ಪುಟ.
ಒಬ್ಬ ಚಮಚ ತಿರುಗಿಸಿದ, ಸಕ್ಕರೆ ಹಾಕಿರಲಿಲ್ಲ.

ಎಲಿಸೆಯೊ ಕಾಯಲಿಲ್ಲ.
ತಮ್ಮ ಕಡೆ ಬೆಂಕಿಬೆಟ್ಟ ಕೆಮ್ಮಿದ ರಾತ್ರಿ
ಕೈ ಇದ್ದದ್ದು ಮೇಸ್ತ್ರಿಯ ಪ್ಯಾಂಟಿನ ಜೇಬಿನಲ್ಲಿ,
ಪ್ಯಾಂಟು ಒಗೆಯುವ ಯಂತ್ರದಲ್ಲಿ,
ಮೇಸ್ತ್ರಿ ನಾದಿನಿಯ ಮದುವೆಯಲ್ಲಿ, ಬಾಡಿಗೆ ಸೂಟಿನಲ್ಲಿ.
ಎಲ್ಲರೂ ನಕ್ಕರು. ಅವನೂ ನಕ್ಕ. ಆಮೇಲೆ,
'ಹಾಲಿನ ಲಾರಿಯೊಂದು ಹೊರಟುಹೋಯಿತು,
ಮುಂದೆ ಸೇತುವೆ ಇದೆ ಅಂದುಕೊಂಡು.'
ನಾನಿನ್ನೂ ಆ ನಗುವನ್ನೇ ಅನುವಾದಿಸುತ್ತಿದ್ದೆ;
ನಿಲ್ಲಿಸುವುದು ಅರೆಕ್ಷಣ ತಡವಾಯಿತು.

ಕೆಟ್ಟ ಮೇಲೆ ಬಂದ ಬುದ್ಧಿ:
ಅದನ್ನು ಅರ್ಧ ಭೂಮಿ ದಾಟಿಸಿ ಹೊತ್ತು ತಂದಿದ್ದ,
ಇವರು ಕೆಡುವ ಮೊದಲು ಮುಟ್ಟಲಿ ಎಂದು.

ಹಿಂದಿನ ಬೆಂಚಿನಿಂದ ಸ್ಟೇನ್‌ಥೋರ್
ಎರಡು ದಿನದಲ್ಲಿ ಮೊದಲ ಸಲ ಬಾಯಿಬಿಟ್ಟ.
'ನಾನು ಮಾಪಕಕ್ಕಿಂತ ಮೊದಲು ಮೂಗನ್ನು ಕೇಳುತ್ತೇನೆ.
ನದಿ ಕೊಳೆತ ಮೊಟ್ಟೆ ನಾತ ಹೊಡೆದರೆ
ನೀರ್ಗಲ್ಲಿನಡಿ ಏನೋ ಕರಗಿದೆ ಅಂತ.
ಗಾಡಿ ರಸ್ತೆಗೆ ಅಡ್ಡ ಹಾಕುತ್ತೇನೆ. ಅದು ಸಾಲದು,
ಕೆಳಗಿಳಿದು ನಿಲ್ಲಬೇಕು.
ಯಂತ್ರ ಕಂಡರೆ ಜನ ಬಳಸಿಕೊಂಡು ಹೋಗುತ್ತಾರೆ,
ಮನುಷ್ಯ ಕಂಡರೆ ಜಗಳಕ್ಕಾದರೂ ನಿಲ್ಲುತ್ತಾರೆ.'
'ಜಗಳ ಎಷ್ಟು ಹೊತ್ತು ಎಳೆಯುತ್ತೀ?'
'ನೀರು ಬರುವವರೆಗೆ.'

ಎಲಿಸೆಯೊ ಆ ವಾಸನೆಯ ಹೆಸರು ಹೇಳಿದ,
ಸ್ಪ್ಯಾನಿಷ್ ಅಲ್ಲ, ಅಜ್ಜಿಯ ನುಡಿ.
ನನಗೆ ಬಾರದು ಅಂದೆ.
ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ಕಡ್ಡಿ ಗೀರಿ, ಆರಿಸಿ
ಸ್ಟೇನ್‌ಥೋರನ ಮೂಗಿನ ಹತ್ತಿರ ಹಿಡಿದ.
ಮುದುಕ ಕಣ್ಣು ಮುಚ್ಚಿ ತಲೆಯಾಡಿಸಿದ. ಇದೇ, ಇದೇ.
ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು.

ಅಷ್ಟರಲ್ಲಿ ಚಾವಣಿಯ ಹೊಗೆಗಂಟೆ ಕಿರುಚತೊಡಗಿತು.
ತುರ್ತು ಸಿದ್ಧತೆ ಬಲ್ಲ ಹದಿನಾಲ್ಕು ಜನ
ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತರು.
ಅಡುಗೆಮನೆಯಿಂದ ಹಾಲ್‌ಫ್ರೀದುರ್ ಬಂದಳು,
ಕುರ್ಚಿ ಎಳೆದು, ಹತ್ತಿ, ಅದರ ಬಾಯಿ ಮುಚ್ಚಿಸಿ,
ಇಳಿಯುತ್ತಾ ಹೇಳಿದಳು:
'ಸೇತುವೆ ಗೇಟಿನ ಕೈ ತಾನೆ?
ನನ್ನ ಹತ್ತಿರವೇ ಇದೆಯಲ್ಲ, ಹಿಟ್ಟಿನ ಡಬ್ಬದ ಹಿಂದೆ.
ಹಳೆಯ ಮ್ಯಾನೇಜರ್ ಕೊಟ್ಟು ಹೋದದ್ದು.
ಯಾರೂ ಕೇಳಲಿಲ್ಲ.'

ಸಂಜೆ ಕಡತಕ್ಕೊಂದು ಹಾಳೆ ಸೇರಿತು,
ಅವಳ ಹೆಸರು, ಮನೆಯ ನಂಬರು.
ಎಲಿಸೆಯೊ ಆ ಹೆಸರಿನ ಅಕ್ಷರಗಳನ್ನು
ನನ್ನಿಂದ ಒಂದೊಂದಾಗಿ ಹೇಳಿಸಿ ಬರೆದುಕೊಂಡ,
ಅವನ ಊರಿನಲ್ಲಿ ಅದು ಯಾವ ಕೆಲಸಕ್ಕೂ ಬಾರದಿದ್ದರೂ.
ಪೆನ್ನಿನ ಮುಚ್ಚಳ ಹಾಕಿದ.
ಮತ್ತೆ ತೆಗೆದ.
'ಕೇಳು,' ಅಂದ ನನಗೆ,
'ಭಾನುವಾರ ಅವಳು ಎಲ್ಲಿರುತ್ತಾಳೆ?'