ಒಂಬತ್ತಕ್ಕೆ ಕತ್ತಲು

ಮನೆ ಕೊಂಡಾಗ ಕೆಳಗಿನ ಕೋಣೆ
ಟೈರಿನ ವಾಸನೆ ಹೊಡೆಯುತ್ತಿತ್ತು.
ಹಿಂದಿನವರು ಲಾರಿ ಇಟ್ಟಿದ್ದವರಂತೆ, ಬಿಟ್ಟುಹೋದದ್ದು
ಒಂದು ಜಾಕು, ಎರಡು ಟ್ಯೂಬು,
ಗೋಡೆ ಮೇಲೆ ಇದ್ದಿಲಲ್ಲಿ ಬರೆದ ಯಾರದೋ ಬಾಕಿ.
ಹನ್ನೊಂದಡಿ ಉದ್ದ, ಒಂಬತ್ತು ಅಗಲ,
ತಲೆ ಬಗ್ಗಿಸುವವರಿಗೆ ಸಾಕಾಗುವಷ್ಟು ಎತ್ತರ.

"ಗೋಪಾಳದಲ್ಲಿ ಬಿಸಿಲಿಗೇನು ಬರವೇ ಲವೀನಾ ಸಿಸ್ಟರ್?"
ಅಂದ ಜಬೀವುಲ್ಲಾ, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ.
ಬರವಿಲ್ಲ. ಬಿಸಿಲು ಬರುವ ಹೊತ್ತಿಗೆ
ನಾನು ಪರದೆ ಎಳೆದಿರುತ್ತೇನೆ.
ಏಳು ವರ್ಷದ ನೈಟ್ ಡ್ಯೂಟಿ.
ತಾರಸಿಯಲ್ಲಿ ನನಗೆ ಕಾದು ಕಾದು
ಒಣಗಿದ ಕುಂಡ ಹದಿನಾಲ್ಕು.

ಮೊದಲು ನೀರು ನಿಲ್ಲಿಸಬೇಕಿತ್ತು.
ಪುನರ್ವಸು ಹಿಡಿಯಿತೆಂದರೆ ಉತ್ತರದ ಗೋಡೆ ಬೆವರುತ್ತದೆ
ಜ್ವರ ಇಳಿಯುವವನ ಹಣೆಯ ಹಾಗೆ.
ಕೆರೆದು, ಸಿಮೆಂಟು ಬಳಿದು, ಡಾಂಬರು ಹಚ್ಚಿ,
ಅದರ ಮೇಲೆ ಥರ್ಮಕೋಲು, ಅದರ ಮೇಲೆ
ಗಾಂಧಿಬಜಾರಿನಿಂದ ತಂದ ಬೆಳ್ಳಿ ಹಾಳೆ.
"ಕೋಣೆಯೇ ಒಂದು ಬಿರಿಯಾನಿ ಪೊಟ್ಟಣ" ಎಂದು ನಕ್ಕ.
ನಗುತ್ತಲೇ ಹೊರಗೆ ಗುಂಡಿ ತೋಡಿದ:
ಉಪ್ಪು, ಇದ್ದಿಲು, ತಾಮ್ರದ ಪಟ್ಟಿ.
ನೀರಿರುವಲ್ಲಿಗೆ ಕರೆಂಟು ತರುವವನು
ಹೆಂಡತಿ ಮಕ್ಕಳ ಮುಖ ನೆನೆಯಬೇಕು ಎನ್ನುತ್ತ
ಟ್ರಿಪ್ಪರಿನ ಗುಂಡಿಯನ್ನು
ನನ್ನ ಬೆರಳಿಂದಲೇ ಮೂರು ಸಲ ಒತ್ತಿಸಿದ.

ಟೈಮರು ಎಷ್ಟಕ್ಕೆ ಇಡಲಿ?
ಸಂಜೆ ಐದಕ್ಕೆ ಹೊತ್ತಲಿ, ಬೆಳಿಗ್ಗೆ ಒಂಬತ್ತಕ್ಕೆ ಆರಲಿ.
"ತಿರುಗಾಮುರುಗಾ ಆಯ್ತಲ್ಲ!"
ರಾತ್ರಿ ತಂಪು, ದೀಪದ ಕಾವು ತಡೆಯುತ್ತದೆ,
ವೋಲ್ಟೇಜೂ ಅಲುಗುವುದಿಲ್ಲ, ಅಂದೆ.
ಇನ್ನೊಂದು ಕಾರಣ ಹೇಳಲಿಲ್ಲ.

ಮೊದಲ ಸಸಿಗಳು ಸತ್ತವು.
ಟೊಮೆಟೊ. ಎರಡೇ ವಾರಕ್ಕೆ ಗೇಣುದ್ದ,
ಕಾಂಡ ನೂಲಿನಷ್ಟು.
ಒಂದು ಬೆಳಿಗ್ಗೆ ಇಳಿದು ನೋಡಿದರೆ
ಸಾಲಾಗಿ ಮಲಗಿದ್ದವು, ವಾರ್ಡಿನ ಹಾಗೆ.
ನೀರು ಹೆಚ್ಚಾಯಿತೇ, ಗೊಬ್ಬರ ಸಾಲದೇ,
ಪಲ್ಸು ಹುಡುಕುವವಳಂತೆ ಬಗ್ಗಿದ್ದೆ.
ಮಗನಿಗೆ ಬುತ್ತಿ ತಂದ ಹಾಜಿರಾಬಿ
ಮೆಟ್ಟಿಲ ಮೇಲಿಂದಲೇ ಕೇಳಿದಳು:
"ಗಾಳಿ ಎಲ್ಲಿದೆ ಮಗಾ ಇಲ್ಲಿ?
ಬೀಳಿಸೋರೇ ಇಲ್ಲದಿದ್ದರೆ
ನಿಲ್ಲೋದನ್ನ ಯಾಕೆ ಕಲಿಯುತ್ತೆ?"

ಮೂಲೆಗೆ ಹಳೆ ಟೇಬಲ್ ಫ್ಯಾನು ಬಂತು.
ಅರ್ಧ ಸುತ್ತಿಗೊಮ್ಮೆ ಕಟಕ್ ಅನ್ನುವುದು.
ಎರಡನೇ ಸಲದವು ಅದರ ಬೈಗುಳ ತಿಂದೇ
ಕಾಂಡ ದಪ್ಪ ಮಾಡಿಕೊಂಡವು.

ಅವಧಿ ಮುಗಿದ ಡ್ರಿಪ್ ಸೆಟ್ಟುಗಳನ್ನು
ಮೆಡಿಕಲ್ಲಿನ ಪ್ರಭಂಜನ ಪುಕ್ಕಟೆ ಕೊಟ್ಟ.
ಬಕೆಟ್ಟು ಮೊಳೆಗೆ ತೂಗಿ, ಚಕ್ರ ಉರುಳಿಸಿ,
ನಿಮಿಷಕ್ಕೆ ಹನ್ನೆರಡು ಹನಿ.
ಎಣಿಸುವುದೊಂದು ನನಗೆ ಬರುತ್ತದೆ.
ಹೂ ಬಿಟ್ಟಾಗ ಜೇನಿರಲಿಲ್ಲ,
ಇಯರ್‌ಬಡ್ ಹಿಡಿದು ಒಂದೊಂದನ್ನೂ ತಟ್ಟಿದೆ.

ಕಿಂಡಿಯಿಂದ ರಸ್ತೆಗೆ ನೇರಳೆ ಬೆಳಕು ಬಿದ್ದು
ಗಸ್ತಿನ ಪೊಲೀಸು ಒಮ್ಮೆ ಬಂದ. ಮೂಸಿದ.
ಪುದೀನ ಕಿತ್ತುಕೊಟ್ಟೆ. ಹೋದ.

ರಾತ್ರಿ ಒಂದು ಗಂಟೆ.
ವಾರ್ಡಿನಲ್ಲಿ ಟ್ಯೂಬ್‌ಲೈಟು ಗುಂಯ್‌ಗುಡುತ್ತದೆ.
ಲೆಕ್ಕ ಹಾಕಿದರೆ ಅಲ್ಲಿ ಕೆಳಗೆ ಈಗ
ಸರಿಯಾಗಿ ನಡುಮಧ್ಯಾಹ್ನ.
ಹನ್ನೊಂದನೇ ಮಂಚದ ಅಜ್ಜ
ಬೆಳಗಾಯಿತೇ ಎಂದು ನಾಲ್ಕನೇ ಸಲ ಕೇಳುತ್ತಾನೆ.
"ಆಗಿದೆ ಅಜ್ಜ, ಒಂದು ಕಡೆ."

ಎಂಟೂ ನಲವತ್ತಕ್ಕೆ ಮನೆ.
ಚಪ್ಪಲಿ ಬಿಡದೆ ಇಳಿಯುತ್ತೇನೆ,
ಇನ್ನಿಪ್ಪತ್ತು ನಿಮಿಷದ ಸಂಜೆ.
ಹಾಳೆ ಮುಗಿಯುವಲ್ಲಿ ಗೋಡೆಯ ಒದ್ದೆ ಮತ್ತೆ ಮೂಡಿದೆ.
ಸುತ್ತ ಪೆನ್ಸಿಲಿನ ಗೆರೆ ಎಳೆದು ತಾರೀಖು ಬರೆಯುತ್ತೇನೆ
ಬಾವಿಗೆ ಹಾಕುವ ಹಾಗೆ.
ಮೊನ್ನೆಯ ಗೆರೆಗಿಂತ ಎರಡು ಬೆರಳು ಆಚೆ.
ಜಬೀವುಲ್ಲಾಗೆ ಫೋನು ಮಾಡಬೇಕು, ಎದ್ದ ಮೇಲೆ.

ದೀಪ ಆರಿತು.
ಫ್ಯಾನು ಮಾತ್ರ ಕಟಕ್, ಕಟಕ್.
ಕೈಗೆ ಟೊಮೆಟೊ ಎಲೆಯ ಹಸಿರು ಘಾಟು ಅಂಟಿದೆ.
ರಾತ್ರಿಯಿಡೀ ಮೂವತ್ತು ಸಲ ಕೈ ತೊಳೆದವಳು
ಇದನ್ನು ತೊಳೆಯದೆ
ಮಲಗುತ್ತೇನೆ.